ದಾನ ಬಂದ ಕಂಪ್ಯೂಟರ್: ಟೆಂಪೊದಿಂದ ಇಳಿಸಿ ಶಾಲೆ ಮುಟ್ಟಿಸುವವರೆಗೆ

ನಮ್ಮ ಗುಂಪಿಗೆ ವರ್ಷದಲ್ಲಿ ನಾಲ್ಕೈದು ಸಲ ಹಳೇ ಕಂಪ್ಯೂಟರ್‌ಗಳ ಲೋಡು ಬರುತ್ತದೆ. ಬೆಂಗಳೂರಿನಲ್ಲಿ ಯಾವುದೋ ಆಫೀಸು ಜಾಗ ಬದಲಿಸುತ್ತದೆ. ಇನ್ಯಾವುದೋ ಆಫೀಸು ಎಲ್ಲರಿಗೂ ಹೊಸ ಲ್ಯಾಪ್‌ಟಾಪ್ ಕೊಡುತ್ತದೆ. ಹಳೇದೆಲ್ಲ ಒಂದು ಟಾಟಾ ಏಸ್ ಹತ್ತಿ ನಮ್ಮ ಬಾಗಿಲಿಗೆ ಬರುತ್ತದೆ. ಅದನ್ನು ಇಳಿಸಿ, ವಿಂಗಡಿಸಿ, ಸರಿಮಾಡಿ ಹಳ್ಳಿಯ ಸರ್ಕಾರಿ ಶಾಲೆಗಳಿಗೆ ಮುಟ್ಟಿಸುವುದು ನಮ್ಮ ಕೆಲಸ.

ಶುರುವಿನಲ್ಲಿ ಒಂದು ಶಾಲೆ ನೋಡಲು ಹೋಗಿದ್ದೆವು. ಹೆಡ್ ಮಾಸ್ಟರ್ ಬೀರು ತೆಗೆದು ತೋರಿಸಿದರು. ಒಳಗೆ ಆರು ಸಿಪಿಯು, ಒಂದರ ಮೇಲೊಂದು. ಯಾರೋ ಮೂರು ವರ್ಷದ ಹಿಂದೆ ಕೊಟ್ಟು, ಫೋಟೊ ತೆಗೆಸಿಕೊಂಡು ಹೋಗಿದ್ದರಂತೆ. ಆನ್ ಆಗುತ್ತಿದ್ದದ್ದು ಒಂದೇ. "ಎಸೆಯೋಣ ಅಂದ್ರೆ ಸ್ಟಾಕ್ ರಿಜಿಸ್ಟರ್‌ಗೆ ಏರಿಸಿಬಿಟ್ಟಿದ್ದೀವಿ ಸಾರ್. ನಾಳೆ ನನಗೆ ಟ್ರಾನ್ಸ್‌ಫರ್ ಆದ್ರೂ ಈ ಆರನ್ನೂ ಎಣಿಸಿ ಚಾರ್ಜ್ ಕೊಟ್ಟೇ ಹೋಗ್ಬೇಕು" ಅಂದರು.

ಆವತ್ತೇ ನಮಗೆ ಅರ್ಥವಾಯಿತು. ಕಂಪನಿಗೆ ಹಳೇದು ಬೇಡ ಅನಿಸಿದರೆ ಕಳಿಸಿಬಿಡಬಹುದು. ನಮಗೆ ಬೇಡವಾದರೆ ಬಾಗಿಲಲ್ಲೇ ನಿಲ್ಲಿಸಬಹುದು. ಶಾಲೆಗೆ ಮಾತ್ರ ಆ ಅನುಕೂಲ ಇಲ್ಲ. ಪುಕ್ಕಟೆ ಬಂದದ್ದನ್ನು ಬೇಡ ಅನ್ನಲು ಮೇಷ್ಟ್ರಿಗೆ ಸಂಕೋಚ, ಒಮ್ಮೆ ತೆಗೆದುಕೊಂಡ ಮೇಲೆ ಬಿಡಲು ದಾರಿಯಿಲ್ಲ. ಅವರ ಪರವಾಗಿ 'ಬೇಡ' ಅನ್ನಬೇಕಾದವರು ನಾವು. ಈ ಲೇಖನದಲ್ಲಿ ಹೇಳಿರುವ ಪ್ರತಿ ಹೆಜ್ಜೆಯೂ ಅದಕ್ಕಾಗಿಯೇ.

ಗಾಡಿ ಹೊರಡುವ ಮೊದಲೇ

ಅರ್ಧ ಕೆಲಸ ಫೋನಿನಲ್ಲೇ ಮುಗಿಯುತ್ತದೆ. ಕೊಡುವವರು "ಐವತ್ತು ಸಿಸ್ಟಮ್ ಇದೆ, ಬಂದು ತಗೊಂಡು ಹೋಗಿ" ಅಂದ ತಕ್ಷಣ ಖುಷಿಯಾಗಿ ಗಾಡಿ ಕಳಿಸಬೇಡಿ. ಮೊದಲು ಪಟ್ಟಿ ಕೇಳಿ. ಮಾಡೆಲ್ ಹೆಸರು, ಪ್ರೊಸೆಸರ್, ರ‍್ಯಾಮ್, ಕೊನೆಯದಾಗಿ ಯಾವಾಗ ಆನ್ ಮಾಡಿದ್ದು. ಪಟ್ಟಿ ಇಲ್ಲ ಅಂದರೆ ನಾಲ್ಕು ಫೋಟೊ ಕೇಳಿ. ಫೋಟೊದಲ್ಲಿ ಗೋಡೆ ಪಕ್ಕ ಗೋಪುರದ ಹಾಗೆ ಪೇರಿಸಿಟ್ಟ ಸಾಮಾನು ಕಂಡರೆ, ಅದು ಮಳೆ ನೀರು ಬೀಳುವ ಜಾಗವಾ ಅಂತಲೂ ಕೇಳಿ. ಇದರಲ್ಲಿ ಸಂಕೋಚ ಏನೂ ಬೇಡ.

ಲ್ಯಾಪ್‌ಟಾಪ್ ಆದರೆ ಮೂರು ಪ್ರಶ್ನೆ ಕೇಳಲೇಬೇಕು. ಚಾರ್ಜರ್ ಜೊತೆಗೆ ಬರುತ್ತದಾ? ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ ಯಂತ್ರದ ಮೂಲ ಸೆಟ್ಟಿಂಗ್) ಪಾಸ್‌ವರ್ಡ್ ತೆಗೆದಿದ್ದೀರಾ? ಕಂಪನಿಯ ಮ್ಯಾನೇಜ್‌ಮೆಂಟ್ ಪಟ್ಟಿಯಿಂದ ಈ ಯಂತ್ರಗಳನ್ನು ಬಿಡುಗಡೆ ಮಾಡಿದ್ದೀರಾ? ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಬಿಡುಗಡೆ ಆಗದ ಲ್ಯಾಪ್‌ಟಾಪಿಗೆ ನೀವು ವಿಂಡೋಸ್ ಹೊಸದಾಗಿ ಹಾಕಿದರೂ, ಇಂಟರ್‌ನೆಟ್ ಸಿಕ್ಕಿದ ಕೂಡಲೇ ಕಂಪನಿಯ ಹೆಸರು ತೋರಿಸಿ ಅಲ್ಲಿಯ ಲಾಗಿನ್ ಕೇಳುತ್ತದೆ. ಐಪ್ಯಾಡ್, ಮ್ಯಾಕ್‌ಗಳಲ್ಲಿ ಹಳೇ ಮಾಲೀಕರ ಖಾತೆಗೆ ಕಟ್ಟಿಹಾಕುವ ಆ್ಯಕ್ಟಿವೇಶನ್ ಲಾಕ್ ಇನ್ನೂ ಗಟ್ಟಿ. ಹಳೇ ಡೆಸ್ಕ್‌ಟಾಪ್‌ಗಳ ಬಯಾಸ್ ಪಾಸ್‌ವರ್ಡನ್ನು ಮದರ್‌ಬೋರ್ಡಿನ ಜಂಪರ್ (ಪಿನ್‌ಗಳ ಮೇಲಿನ ಚಿಕ್ಕ ಟೊಪ್ಪಿ) ಬದಲಿಸಿ ತೆಗೆಯಬಹುದು. ಆಫೀಸಿನವರಿಗೆಂದೇ ಮಾಡಿದ ಲ್ಯಾಪ್‌ಟಾಪ್‌ಗಳಲ್ಲಿ ಅದು ಆಗದ ಮಾತು. ಹಾಗಾಗಿ ಐಟಿ ಟೀಮಿನವರ ನಂಬರ್ ಇಸಿದುಕೊಂಡು, ಲೋಡು ಬಂದ ವಾರವೇ ಮಾತಾಡಿ. ಆರು ತಿಂಗಳಾದ ಮೇಲೆ ಆ ಹುಡುಗ ಬೇರೆ ಕಂಪನಿ ಸೇರಿರುತ್ತಾನೆ.

ಕೆಲವನ್ನು ಫೋನಿನಲ್ಲೇ ಬೇಡ ಅನ್ನಿ. ಹಳೇ ಡಬ್ಬ ಮಾನಿಟರ್, ಅಂದರೆ ಸಿಆರ್‌ಟಿ, ಖಂಡಿತ ಬೇಡ. ಅದರ ಗಾಜಿನಲ್ಲಿ ಸೀಸ ಇರುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ, ಒಡೆದರೆ ಅಪಾಯ. ಇಂಕ್‌ಜೆಟ್ ಪ್ರಿಂಟರ್ ಬೇಡ. ಒಂದು ವರ್ಷ ಮೂಲೆಯಲ್ಲಿ ಕೂತಿದ್ದರೆ ಹೆಡ್ ಒಣಗಿರುತ್ತದೆ, ಕಾರ್ಟ್ರಿಜ್ ಬೆಲೆ ಶಾಲೆಗೆ ಭಾರ. ಬ್ಯಾಟರಿ ಸತ್ತ ಯುಪಿಎಸ್ ಬೇಕಾದರೆ ತೆಗೆದುಕೊಳ್ಳಬಹುದು, ಹೊಸ ಬ್ಯಾಟರಿಗೆ ಯಾರು ದುಡ್ಡು ಕೊಡುತ್ತಾರೆ ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು, ಅಷ್ಟೇ.

ಕಾನೂನಿನ ಮಾತೂ ಒಂದಿದೆ. ನಮ್ಮ ದೇಶದಲ್ಲಿ 2022ರ ಇ-ತ್ಯಾಜ್ಯ ನಿರ್ವಹಣೆ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅದರ ಪ್ರಕಾರ ದೊಡ್ಡ ಬಳಕೆದಾರ ಸಂಸ್ಥೆಗಳು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕ, ನವೀಕರಣಗಾರ ಅಥವಾ ಮರುಬಳಕೆಗಾರರಿಗೇ ಕೊಡಬೇಕು. ಕೆಟ್ಟು ಕೂತ ಸಾಮಾನನ್ನು 'ದಾನ' ಅಂತ ಕರೆದು ನಮ್ಮ ಕಡೆ ದಾಟಿಸುವುದು ಯಾರಿಗೂ ಒಳ್ಳೆಯದಲ್ಲ. ನಡೆಯುವ ಸ್ಥಿತಿಯಲ್ಲಿರುವ ಸಾಮಾನು ಮಾತ್ರ ನಮಗೆ, ಉಳಿದದ್ದು ಅವರ ಮರುಬಳಕೆಗಾರರಿಗೆ. ಇದನ್ನು ನಯವಾಗಿ, ಬರಹದಲ್ಲಿ ಹೇಳಿ. ಲೋಡಿನ ಜೊತೆ ಸೀರಿಯಲ್ ನಂಬರ್ ಇರುವ ದಾನಪತ್ರ ಮತ್ತು ಗೇಟ್ ಪಾಸ್ ಬರಬೇಕು. ದಾರಿಯಲ್ಲಿ ಯಾರಾದರೂ ನಿಲ್ಲಿಸಿದರೆ ಡ್ರೈವರ್ ಕೈಯಲ್ಲಿ ತೋರಿಸಲು ಕಾಗದ ಇರಬೇಕು ಅಲ್ವಾ?

ಇಳಿಸುವ ದಿನ

ಕನಿಷ್ಠ ನಾಲ್ಕು ಜನ ಇರಿ. ಇಬ್ಬರು ಇಳಿಸಲು, ಒಬ್ಬರು ಬರೆಯಲು, ಒಬ್ಬರು ಸ್ಟಿಕರ್ ಅಂಟಿಸಲು. ಬರೆಯುವವರು ಬೇರೆ ಯಾವ ಕೆಲಸಕ್ಕೂ ಏಳಬಾರದು. "ಆಮೇಲೆ ಬರ್ಕೊಳ್ಳೋಣ" ಅಂತ ಬಿಟ್ಟ ಲೋಡು ನಮ್ಮಲ್ಲಿ ಎಂದೂ ಸರಿಯಾಗಿ ತಾಳೆಯಾಗಿಲ್ಲ.

ಪ್ರತಿ ಸಾಮಾನಿಗೂ ಒಂದು ನಂಬರ್. ನಮ್ಮದು ಸುಮ್ನೆ 1, 2, 3 ಅಂತ ನಡೆಯುವ ಲೆಕ್ಕ, ಒಂದೇ ನೋಟ್‌ಬುಕ್. ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ ಮಾಡುವುದು ಸಂಜೆಗೆ. ಇಳಿಸುವಾಗ ನೋಟ್‌ಬುಕ್ಕೇ ವಾಸಿ, ಧೂಳಿನ ಕೈಯಲ್ಲೂ ಬರೆಯಬಹುದು. ಲ್ಯಾಪ್‌ಟಾಪ್ ಮತ್ತು ಅದರ ಚಾರ್ಜರ್‌ಗೆ ಅದೇ ಕ್ಷಣ ಒಂದೇ ನಂಬರ್ ಹಾಕಿ, ದಾರದಿಂದ ಕಟ್ಟಿ. ಗೋಣಿಚೀಲದಲ್ಲಿ ಎಲ್ಲ ಚಾರ್ಜರ್ ಒಟ್ಟಿಗೆ ಬಂದಿದ್ದರೆ ಬೇರೆ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.

ಇಳಿಸುವಾಗಲೇ ಮಾಡಬೇಕಾದ ತಪಾಸಣೆ ಒಂದೇ ಒಂದು: ಲ್ಯಾಪ್‌ಟಾಪ್ ಬ್ಯಾಟರಿ. ಯಂತ್ರವನ್ನು ಸಮತಟ್ಟಾದ ಮೇಜಿನ ಮೇಲಿಡಿ. ಅಲುಗಾಡಿದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕೆಳಗಿನ ಮುಚ್ಚಳ ಬಿರಿದಿದ್ದರೆ ಬ್ಯಾಟರಿ ಊದಿದೆ ಅಂತ ಅರ್ಥ. ಅದನ್ನು ಚಾರ್ಜಿಗೆ ಹಾಕಬೇಡಿ. ಒತ್ತಬೇಡಿ, ಚೂಪಾದ ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಗೊತ್ತಿರುವವರು ಮಾತ್ರ ನಿಧಾನವಾಗಿ ಬಿಚ್ಚಿ, ಪಿನ್‌ಗಳಿಗೆ ಟೇಪ್ ಸುತ್ತಿ, ಮರಳು ಹಾಕಿದ ತಗಡಿನ ಡಬ್ಬದಲ್ಲಿ ಇಟ್ಟು, ಡಬ್ಬವನ್ನು ರಟ್ಟು ಪೇಪರ್‌ಗಳಿಂದ ದೂರ, ಮನೆಯ ಹೊರಗೆ ನೆರಳಿನಲ್ಲಿ ಇಡಿ. ಮಕ್ಕಳು ವಾಲಂಟಿಯರ್ ಆಗಿ ಬಂದಿದ್ದರೆ ಈ ಡಬ್ಬದ ಹತ್ತಿರ ಬಿಡಬೇಡಿ.

ಮೇಜಿನ ಮೇಲೆ

ಈಗ ಒಂದೊಂದೇ ಯಂತ್ರ ಮೇಜಿಗೆ ಬರುತ್ತದೆ. ಮೇಜಿನ ಮೇಲೆ ಇರಬೇಕಾದದ್ದು: ಸ್ಟಾರ್ ಸ್ಕ್ರೂಡ್ರೈವರ್ ಎರಡು ಅಳತೆಯದು, ಬ್ಲೋವರ್, ಪೇಂಟ್ ಬ್ರಶ್, ಶಾಲೆ ಮಕ್ಕಳು ಬಳಸುವ ರಬ್ಬರ್, ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಶಾಖ ದಾಟಿಸಲು ಹಚ್ಚುವುದು), ಖಂಡಿತ ನಡೆಯುತ್ತದೆ ಅಂತ ಗೊತ್ತಿರುವ ಒಂದು ರ‍್ಯಾಮ್, ಒಂದು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ), ಒಂದು ಮಾನಿಟರ್, ಹೊಸ ಗುಂಡಿ ಬ್ಯಾಟರಿ ಹತ್ತು. ಮೂಗಿಗೆ ಮಾಸ್ಕ್.

ಪ್ಲಗ್ ಹಾಕುವ ಮೊದಲು ಕ್ಯಾಬಿನೆಟ್ ಎತ್ತಿ ಮೆಲ್ಲಗೆ ಅಲ್ಲಾಡಿಸಿ. ಒಳಗೆ ಸ್ಕ್ರೂ ಉರುಳುವ ಸದ್ದು ಕೇಳಿದರೆ ಅದು ಮದರ್‌ಬೋರ್ಡಿನ ಮೇಲೆ ಕೂತು ಶಾರ್ಟ್ ಮಾಡಬಹುದು. ಹಿಂಭಾಗದಲ್ಲಿ ಎಸ್‌ಎಂಪಿಎಸ್ ನೋಡಿ. ಹಳೇ ಎಸ್‌ಎಂಪಿಎಸ್‌ಗಳಲ್ಲಿ ಚಿಕ್ಕ ಕೆಂಪು ಸ್ವಿಚ್ ಇರುತ್ತದೆ, ಒಂದು ಕಡೆ 115, ಇನ್ನೊಂದು ಕಡೆ 230. ಅದು 115ರಲ್ಲಿ ಇದ್ದು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಸಿಕ್ಕಿಸಿದರೆ ಢಬ್ ಅಂತ ಸದ್ದು, ಸುಟ್ಟ ವಾಸನೆ, ಕಥೆ ಮುಗಿಯಿತು. ಸಾಗಿಸುವಾಗ ಯಾರದೋ ಬೆರಳು ತಾಗಿ ಆ ಸ್ವಿಚ್ ಸರಿದಿರುವುದೂ ಉಂಟು. ನೋಡಲು ಎರಡು ಸೆಕೆಂಡ್ ಸಾಕು.

ಆಮೇಲೆ ಪಕ್ಕದ ಮುಚ್ಚಳ ತೆಗೆಯಿರಿ. ಒಂದು ಸಲ ಒಂದು ಸಿಪಿಯು ತೆಗೆದಾಗ ಪ್ರೊಸೆಸರಿನ ಶಾಖ ಎಳೆಯುವ ಹೀಟ್‌ಸಿಂಕಿನ ಮೇಲೆ ಧೂಳು ಕಂಬಳಿಯ ಹಾಗೆ ಕೂತಿತ್ತು, ಬೆರಳಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಎದ್ದು ಬಂತು. ಅದರ ಕೆಳಗೆ ಹಲ್ಲಿಯ ಎರಡು ಮೊಟ್ಟೆ, ಬಟಾಣಿ ಗಾತ್ರದವು, ಬಿಸಿಲು ಬೇಡದೆ ಪ್ರೊಸೆಸರಿನ ಶಾಖದಲ್ಲೇ ಮರಿಯಾಗಿ ಹೋಗಿದ್ದ ಖಾಲಿ ಚಿಪ್ಪು. ಆ ಯಂತ್ರ "ಆಗಾಗ ತಾನೇ ಆಫ್ ಆಗುತ್ತೆ" ಅಂತ ಪಟ್ಟಿಯಲ್ಲಿ ಬರೆದಿದ್ದರು. ಧೂಳು ತೆಗೆದು, ಒಣಗಿ ಸುಣ್ಣದ ಪುಡಿಯಂತಾಗಿದ್ದ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು. ಆಮೇಲೆ ಒಂದು ಇಡೀ ದಿನ ಓಡಿಸಿದರೂ ನಿಲ್ಲಲಿಲ್ಲ. ಕೆಟ್ಟಿದೆ ಅಂತ ಬರೆದು ಕಳಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಇಷ್ಟಕ್ಕೇ ಸರಿಹೋಗುತ್ತವೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಬೆರಳು ಅಡ್ಡ ಇಡಿ, ಗಾಳಿಗೆ ಗಿರಗಿರ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಬೋರ್ಡಿನ ಮೇಲೆ ಚಿಕ್ಕ ಡಬ್ಬಿಯಂಥ ಕೆಪ್ಯಾಸಿಟರ್‌ಗಳ ತಲೆ ನೋಡಿ. ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ಅದು ಬಿಡಿಭಾಗಗಳ ಸಾಲಿಗೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ತೆರೆಯಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ.

ಆನ್ ಆಗದಿದ್ದರೆ ಗಾಬರಿ ಬೇಡ. ರ‍್ಯಾಮ್ ಮುಟ್ಟುವ ಮೊದಲು ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಕೈಯಿಂದ ಮುಟ್ಟಿ. ಬೇಸಿಗೆಯ ಒಣ ಹವೆಯಲ್ಲಿ ನೈಲಾನ್ ಬಟ್ಟೆ ಹಾಕಿಕೊಂಡಿದ್ದರೆ ಮೈಯ ಸ್ಟ್ಯಾಟಿಕ್ ಕರೆಂಟಿಗೇ ರ‍್ಯಾಮ್ ಹೋಗಬಹುದು. ಈಗ ರ‍್ಯಾಮ್ ತೆಗೆದು ಅದರ ಬಂಗಾರ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಮತ್ತೆ ಹಾಕಿ. ಬೀಪ್ ಬೀಪ್ ಅಂತ ಕಿರುಚುತ್ತಿದ್ದ ಎಷ್ಟೋ ಯಂತ್ರ ಇದೊಂದಕ್ಕೇ ಸುಮ್ಮನಾಗಿ ಎದ್ದಿವೆ. ಆಗದಿದ್ದರೆ ಗೊತ್ತಿರುವ ರ‍್ಯಾಮ್ ಹಾಕಿ ನೋಡಿ, ಆಮೇಲೆ ಗೊತ್ತಿರುವ ಎಸ್‌ಎಂಪಿಎಸ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದು ಅಂತ ತಿಳಿಯುವುದಿಲ್ಲ. ಹದಿನೈದು ನಿಮಿಷದಲ್ಲಿ ಎದ್ದೇಳದಿದ್ದರೆ 'ರಿಪೇರಿ' ಅಂತ ಹಳದಿ ಸ್ಟಿಕರ್ ಹಾಕಿ ಪಕ್ಕಕ್ಕಿಡಿ. ಒಂದೇ ಯಂತ್ರಕ್ಕೆ ಜೋತುಬಿದ್ದು ಮಧ್ಯಾಹ್ನ ಕಳೆದ ವಾಲಂಟಿಯರ್‌ಗಳನ್ನು ನಾನು ಬಹಳ ನೋಡಿದ್ದೇನೆ. ಹಟ ಒಳ್ಳೆಯದೇ, ಆದರೆ ಆ ದಿನ ಹಿಂದೆ ಇನ್ನೂ ಮೂವತ್ತು ಕಾಯುತ್ತಿರುತ್ತವೆ.

ಗುಂಡಿ ಬ್ಯಾಟರಿ, ಅಂದರೆ ಸಿಆರ್2032, ಪ್ರತಿ ಡೆಸ್ಕ್‌ಟಾಪಿಗೂ ಹೊಸದು ಹಾಕಿಬಿಡಿ. ಹಳೇದು ನಡೆಯುತ್ತದಾ ಅಂತ ನೋಡುತ್ತ ಕೂರಬೇಡಿ. ಹಳೇದು ಮೂರು ವೋಲ್ಟಿನಿಂದ ಬಹಳ ಇಳಿದಿದ್ದರೆ ಕರೆಂಟ್ ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತದೆ. ತಾರೀಖು ತಪ್ಪಿದರೆ ಬ್ರೌಸರ್ ಒಂದು ಸೈಟನ್ನೂ ಸರಿಯಾಗಿ ತೆರೆಯುವುದಿಲ್ಲ, ಸುರಕ್ಷಿತವಲ್ಲ ಅಂತ ಕೆಂಪು ಎಚ್ಚರಿಕೆ ತೋರಿಸುತ್ತದೆ. ಮೇಷ್ಟ್ರು "ಇಂಟರ್‌ನೆಟ್ ಕೆಟ್ಟಿದೆ" ಅಂದುಕೊಂಡು ಯಂತ್ರ ಮುಚ್ಚಿಡುತ್ತಾರೆ. ಒಂದು ಬಿಲ್ಲೆ ಗಾತ್ರದ ಬ್ಯಾಟರಿಗೆ ಒಂದು ಲ್ಯಾಬೇ ನಿಲ್ಲುವುದನ್ನು ಕಣ್ಣಾರೆ ಕಂಡಿದ್ದೇನೆ.

ಯಾವುದು ಶಾಲೆಗೆ, ಯಾವುದು ಬಿಡಿಭಾಗಕ್ಕೆ

ಪ್ರೊಸೆಸರ್ ಹೆಸರಲ್ಲೇ ವಯಸ್ಸು ಇರುತ್ತದೆ. ಇಂಟೆಲ್ ಐ5-4570 ಅಂತ ಇದ್ದರೆ ಗೆರೆಯ ಮುಂದಿನ ಮೊದಲ ಅಂಕಿ 4, ಅಂದರೆ ನಾಲ್ಕನೇ ತಲೆಮಾರು, 2013ರ ಹೊತ್ತಿನದು. ಐದಂಕಿಯ ಐ5-10400 ಆದರೆ ಮೊದಲ ಎರಡಂಕಿ 10, ಅಂದರೆ ಹತ್ತನೇ ತಲೆಮಾರು. ಇದನ್ನು ಕಲಿತರೆ ಒಂದು ಲೋಡನ್ನು ಸ್ಟಿಕರ್ ನೋಡಿಯೇ ಅರ್ಧ ವಿಂಗಡಿಸಬಹುದು.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಯಂತ್ರದಲ್ಲಿ ಇರಬೇಕು, ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಕ್ಕೆ. ಅದಕ್ಕೇ ಈಗ ಆರು, ಏಳನೇ ತಲೆಮಾರಿನ ಗಟ್ಟಿಮುಟ್ಟಾದ ಯಂತ್ರಗಳು ಆಫೀಸುಗಳಿಂದ ಹೊರಬೀಳುತ್ತಿವೆ. ಯಂತ್ರದಲ್ಲಿ ದೋಷವೇನೂ ಇಲ್ಲ. ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ಓಡುತ್ತವೆ. ನನ್ನ ಕೇಳಿದರೆ ಶಾಲೆಗಳಿಗೆ ಇಷ್ಟು ಒಳ್ಳೆಯ ಸಾಮಾನು ಹಿಂದೆ ಸಿಕ್ಕಿರಲಿಲ್ಲ, ಈ ಅವಕಾಶ ಗುಜರಿ ಪಾಲಾಗಬಾರದು.

ನಮ್ಮ ಗೆರೆ ಹೀಗಿದೆ. ನಾಲ್ಕನೇ ತಲೆಮಾರಿನ ಐ3 ಅಥವಾ ಅದಕ್ಕಿಂತ ಮೇಲಿನದು, ರ‍್ಯಾಮ್ ಕನಿಷ್ಠ 4 ಜಿಬಿ, ಸಾಧ್ಯವಾದರೆ 8. ಎರಡು ಜಿಬಿಯ ಯಂತ್ರ ಬ್ರೌಸರ್ ತೆರೆದ ಕೂಡಲೇ ಏದುಸಿರು ಬಿಡುತ್ತದೆ, ಮಗು ಕಾದು ಕಾದು ಎದ್ದು ಹೋಗುತ್ತದೆ. 32 ಬಿಟ್ ಮಾತ್ರ ಓಡುವ ಪ್ರೊಸೆಸರ್‌ಗಳಿಗೆ ಉಬುಂಟು, ಲಿನಕ್ಸ್ ಮಿಂಟ್ ಅನ್ನುವ ಲಿನಕ್ಸ್‌ಗಳ ಈಗಿನ ಆವೃತ್ತಿಗಳು ಬರುವುದಿಲ್ಲ, ಹಾಗಾಗಿ ಅವು ನೇರ ಬಿಡಿಭಾಗಕ್ಕೆ. ಡಿಸ್ಕ್ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ, ಸ್ವಲ್ಪ ದುಡ್ಡು ಹೊಂದಿಸಿ ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿ. ಹಳೇ ಕಂಪ್ಯೂಟರಿನ ಮೇಲೆ ಖರ್ಚು ಮಾಡುವುದಾದರೆ ಮೊದಲ ರೂಪಾಯಿ ಅದಕ್ಕೇ ಹೋಗಬೇಕು.

ಡೆಸ್ಕ್‌ಟಾಪಾ ಲ್ಯಾಪ್‌ಟಾಪಾ ಅನ್ನುವ ಪ್ರಶ್ನೆ ಪ್ರತಿ ಸಲ ಬರುತ್ತದೆ. ಕರೆಂಟ್ ಹೋಗಿ ಬರುವ ಊರಾದರೆ ನಾನು ಲ್ಯಾಪ್‌ಟಾಪ್ ಕಡೆ. ಬ್ಯಾಟರಿ ಅರ್ಧ ಗಂಟೆ ನಿಂತರೂ ಅದೇ ಯುಪಿಎಸ್. ಆದರೆ ಕೀ ಕಿತ್ತರೆ, ಹಿಂಜ್ ಮುರಿದರೆ ಊರಲ್ಲಿ ಸರಿಮಾಡುವವರಿಲ್ಲ. ಡೆಸ್ಕ್‌ಟಾಪ್ ಕೀಬೋರ್ಡ್ ಯಾವ ಊರಲ್ಲೂ ಸಿಗುತ್ತದೆ. ಇಲಿಗಳು ಮಾತ್ರ ಎರಡರ ವೈರನ್ನೂ ಬಿಡುವುದಿಲ್ಲ.

ಡಿಸ್ಕಿನಲ್ಲಿರುವುದು ಇನ್ನೊಬ್ಬರ ಮನೆ

ಒಂದು ಲ್ಯಾಪ್‌ಟಾಪ್ ಆನ್ ಮಾಡಿದಾಗ ಪರದೆಯ ತುಂಬ ಒಂದು ಮಗುವಿನ ಹುಟ್ಟುಹಬ್ಬದ ಫೋಟೊ ಬಂತು. ಡೆಸ್ಕ್‌ಟಾಪಿನ ಮೇಲೆ ಪ್ಯಾನ್ ಕಾರ್ಡ್, ಆಧಾರ್, ಸಂಬಳದ ಚೀಟಿ ಅಂತ ಫೋಲ್ಡರ್‌ಗಳು. ಕೊಟ್ಟವರು "ಎಲ್ಲಾ ಡಿಲೀಟ್ ಮಾಡಿದ್ದೀವಿ" ಅಂದಿದ್ದರು. ನಾವು ತಕ್ಷಣ ಯಂತ್ರ ಆಫ್ ಮಾಡಿ ಅಳಿಸುವ ಸಾಲಿಗೆ ಹಾಕಿದೆವು. ನಿಯಮ ಇಷ್ಟೇ: ಅಳಿಸುವ ಮೊದಲು ಯಾರೂ ಡಿಸ್ಕಿನಿಂದ ಬೂಟ್ ಮಾಡಬಾರದು, ಅಂದರೆ ಯಂತ್ರ ಏಳಿಸಬಾರದು. ಪರೀಕ್ಷೆ ಎಲ್ಲ ಪೆನ್‌ಡ್ರೈವಿನಿಂದಲೇ. ಒಳಗೇನಿದೆ ಅಂತ ಕುತೂಹಲಕ್ಕೂ ನೋಡಬಾರದು. "ಒಳ್ಳೆ ಸಿನಿಮಾ ಇರಬಹುದು" ಅಂತ ಹುಡುಕಿದ ಒಬ್ಬ ಹುಡುಗನನ್ನು ನಾವು ಆ ಮೇಜಿನಿಂದ ಎಬ್ಬಿಸಿ ಬೇರೆ ಕೆಲಸಕ್ಕೆ ಹಾಕಿದೆವು.

ಡಿಲೀಟ್, ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಡೇಟಾ ಹೋಗುವುದಿಲ್ಲ. ಪುಸ್ತಕದ ಪರಿವಿಡಿ ಹರಿದ ಹಾಗೆ, ಪುಟಗಳು ಅಲ್ಲೇ ಇರುತ್ತವೆ. ಹಾರ್ಡ್ ಡಿಸ್ಕಿಗೆ ಶ್ರೆಡ್‌ಓಎಸ್ ಅನ್ನುವ ಉಚಿತ ಸಾಧನವನ್ನು ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡಿ. ಪೂರ್ತಿ ಡಿಸ್ಕಿನ ಮೇಲೆ ಒಂದು ಸಲ ಸೊನ್ನೆ ಬರೆದು, ಬರೆದದ್ದನ್ನು ತಾಳೆ ನೋಡಿದರೆ ಈಗಿನ ಡಿಸ್ಕ್‌ಗಳಿಗೆ ಸಾಕು. ಏಳು ಸಲ, ಮೂವತ್ತೈದು ಸಲ ಅನ್ನುವುದೆಲ್ಲ ಹಳೇ ಕಾಲದ ಮಾತು. 500 ಜಿಬಿ ಡಿಸ್ಕಿಗೆ ಬರೆಯಲಿಕ್ಕೇ ಒಂದೂವರೆ ಎರಡು ಗಂಟೆ ಹಿಡಿಯುತ್ತದೆ, ತಾಳೆಗೆ ಮತ್ತಷ್ಟು. ಹಾಗಾಗಿ ಬೆಳಗ್ಗೆ ಬಂದ ಕೂಡಲೇ ಎಂಟು ಹತ್ತು ಯಂತ್ರಗಳಲ್ಲಿ ಒಟ್ಟಿಗೆ ಶುರುಮಾಡಿ ಬೇರೆ ಕೆಲಸ ನೋಡಿ. ನಿಮ್ಮ ಸ್ವಂತ ಹಾರ್ಡ್ ಡಿಸ್ಕ್ ಅದೇ ಯಂತ್ರಕ್ಕೆ ಸಿಕ್ಕಿಸಿಲ್ಲ ಅಂತ ಎರಡು ಸಲ ನೋಡಿಕೊಳ್ಳಿ.

ಎಸ್‌ಎಸ್‌ಡಿಗೆ ಈ ದಾರಿ ಸರಿಯಲ್ಲ. ಅದರೊಳಗೆ ನಮಗೆ ಕಾಣದ ಮೀಸಲು ಜಾಗ ಇರುತ್ತದೆ, ಮೇಲಿಂದ ಬರೆದ ಸೊನ್ನೆ ಅಲ್ಲಿಗೆ ಮುಟ್ಟದಿರಬಹುದು. ಎಸ್‌ಎಸ್‌ಡಿಯ ಸ್ವಂತ ಸೆಕ್ಯೂರ್ ಇರೇಸ್ ಆದೇಶ ಬಳಸಬೇಕು. ಆಫೀಸು ಲ್ಯಾಪ್‌ಟಾಪ್‌ಗಳ ಪೈಕಿ ಹಲವಕ್ಕೆ ಬಯಾಸ್‌ನಲ್ಲೇ ಅದು ಇರುತ್ತದೆ.

ಅಳಿಸಿದ ಮೇಲೆ ಡಿಸ್ಕಿನ ಆರೋಗ್ಯ ನೋಡಿ. ಜಿಸ್ಮಾರ್ಟ್‌ಕಂಟ್ರೋಲ್ ಅನ್ನುವ ತಂತ್ರಾಂಶ ತೆರೆದರೆ ಪಟ್ಟಿ ಬರುತ್ತದೆ. ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳ (ಡಿಸ್ಕಿನ ಚಿಕ್ಕ ತುಣುಕುಗಳ) ಸಾಲು, ನಂಬರ್ 197, ಅಲ್ಲಿ ಸೊನ್ನೆಗಿಂತ ಜಾಸ್ತಿ ಇದ್ದರೆ ಆ ಡಿಸ್ಕನ್ನು ಶಾಲೆಗೆ ಕೊಡಬೇಡಿ. ನಂಬರ್ 5, ಬದಲಿ ಸೆಕ್ಟರ್‌ಗಳು, ಅದು ಏರುತ್ತಿದ್ದರೂ ಅಷ್ಟೇ. ಸತ್ತ ಡಿಸ್ಕನ್ನು ಅಳಿಸಲು ಆಗುವುದಿಲ್ಲವಲ್ಲ, ಅದಕ್ಕೆ ಡ್ರಿಲ್ ಮಾಡಿ ಒಳಗಿನ ಬಿಲ್ಲೆಗೆ ತೂತು ಹೊಡೆಯಿರಿ. ಲ್ಯಾಪ್‌ಟಾಪ್ ಡಿಸ್ಕುಗಳ ಬಿಲ್ಲೆ ಎಷ್ಟೋ ಸಲ ಗಾಜಿನದು, ಚೂರಾಗಿ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ.

ಡಿವಿಡಿ ಟ್ರೇ ತೆರೆದು ನೋಡುವುದನ್ನೂ, ಲ್ಯಾಪ್‌ಟಾಪಿನ ಸಿಮ್ ಸ್ಲಾಟ್ ನೋಡುವುದನ್ನೂ ಮರೆಯಬೇಡಿ. ಕೊನೆಗೆ ಯಾವ ಸೀರಿಯಲ್ ನಂಬರಿನ ಡಿಸ್ಕನ್ನು ಯಾವ ದಿನ ಹೇಗೆ ಅಳಿಸಿದೆವು ಅಂತ ಪತ್ರ ಮಾಡಿ ಕೊಟ್ಟವರಿಗೆ ಕಳಿಸಿ. ಮುಂದಿನ ಸಲ ಅವರೇ ಕರೆದು ಕೊಡುತ್ತಾರೆ.

ಡಬ್ಬಗಳು

ಬಿಡಿಭಾಗಗಳಿಗೆ ರಟ್ಟಿನ ಡಬ್ಬ ಸಾಕು, ಆದರೆ ಹೆಸರು ದಪ್ಪಕ್ಷರದಲ್ಲಿ ಇರಬೇಕು. ರ‍್ಯಾಮನ್ನು ಡಿಡಿಆರ್2, ಡಿಡಿಆರ್3, ಡಿಡಿಆರ್4 ಅಂತ ಬೇರೆ ಮಾಡಿ, ಅದರಲ್ಲೂ ಉದ್ದದ್ದು ಡೆಸ್ಕ್‌ಟಾಪಿಗೆ, ಗಿಡ್ಡದ್ದು ಲ್ಯಾಪ್‌ಟಾಪಿಗೆ. ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿ ಇರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಕೂರಲಿಲ್ಲ ಅಂತ ಒತ್ತಿ ಸ್ಲಾಟ್ ಮುರಿಯಬೇಡಿ.

ಗೋಣಿಚೀಲದ ಚಾರ್ಜರ್‌ಗಳಿಗೆ ಬಂದೆ. ಪ್ರತಿ ಚಾರ್ಜರಿನ ಹೊಟ್ಟೆಯ ಮೇಲೆ ಬರೆದಿರುತ್ತದೆ: 19.5 ವೋಲ್ಟ್, 4.62 ಆ್ಯಂಪ್, ಹೀಗೆ. ವೋಲ್ಟ್ ಹೊಂದಬೇಕು, 19ಕ್ಕೂ 19.5ಕ್ಕೂ ನಡೆಯುತ್ತದೆ. ಆ್ಯಂಪ್ ಯಂತ್ರ ಕೇಳಿದಷ್ಟು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ಕಡಿಮೆ ಇರಬಾರದು. ಪಿನ್ನಿನ ದಪ್ಪ ಮತ್ತು ಪ್ಲಸ್ ಮೈನಸ್ ಗುರುತು ಒಂದೇ ಆಗಿರಬೇಕು. "ಪಿನ್ ಕೂತಿತು, ಸರಿ ಇರಬಹುದು" ಅನ್ನುವ ಊಹೆಗೆ ಮದರ್‌ಬೋರ್ಡ್ ಬಲಿಯಾಗುತ್ತದೆ. ಸಿಪ್ಪೆ ಸುಲಿದ ವೈರಿನ ಚಾರ್ಜರ್ ಎಷ್ಟೇ ಚೆನ್ನಾಗಿ ನಡೆದರೂ ಮಕ್ಕಳ ಕೈಗೆ ಬೇಡ.

ವಿಜಿಎ (ಮಾನಿಟರ್) ಕೇಬಲ್, ಪವರ್ ಕೇಬಲ್ ಬೆಟ್ಟದಷ್ಟು ಬರುತ್ತವೆ. ಬೇಕಾದ್ದರ ಒಂದೂವರೆ ಪಟ್ಟು ಇಟ್ಟುಕೊಂಡು ಉಳಿದದ್ದು ಬಿಟ್ಟುಬಿಡಿ.

ಸಾಫ್ಟ್‌ವೇರ್, ಮತ್ತು ಕನ್ನಡ

ವೆಂಟಾಯ್ (ಒಂದೇ ಪೆನ್‌ಡ್ರೈವಿನಿಂದ ಹಲವು ಸಾಧನ ಬೂಟ್ ಮಾಡಿಸುವ ತಂತ್ರಾಂಶ) ಹಾಕಿದ ಒಂದು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಮಿಂಟ್, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಎರಡನ್ನೂ ಇಟ್ಟುಕೊಳ್ಳಬಹುದು. ಮೆಮ್‌ಟೆಸ್ಟ್ ಒಂದು ಸುತ್ತಾದರೂ ಪೂರ್ತಿ ಓಡಿಸಿ, ಒಂದೇ ಕೆಂಪು ಸಾಲು ಬಂದರೂ ಆ ರ‍್ಯಾಮ್ ಬೇಡ. ಆಮೇಲೆ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಹಗುರ. ಕಳ್ಳ ವಿಂಡೋಸ್ ಹಾಕಿ ಸರ್ಕಾರಿ ಶಾಲೆಗೆ ಕೊಡಬೇಡಿ. ತೊಂದರೆ ಬಂದರೆ ಉತ್ತರ ಕೊಡಬೇಕಾದವರು ಆ ಹೆಡ್ ಮಾಸ್ಟರ್.

ಕನ್ನಡ ಟೈಪಿಂಗ್ ಸಿದ್ಧ ಮಾಡದೆ ಯಂತ್ರ ಕಳಿಸಬಾರದು. ಟೈಪಿಂಗ್ ಸಾಧನಗಳಾದ ಐಬಸ್, ಎಂ17ಎನ್ ಎರಡನ್ನೂ ಹಾಕಿದರೆ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕೆಜಿಪಿ ವಿನ್ಯಾಸ ಸಿಗುತ್ತದೆ. ನುಡಿ ತಂತ್ರಾಂಶದಲ್ಲಿ ಇದೇ ವಿನ್ಯಾಸದಲ್ಲಿ ಟೈಪ್ ಮಾಡಿ ಅಭ್ಯಾಸ ಇರುವ ಮೇಷ್ಟ್ರಿಗೆ ಬೆರಳು ತಾನೇ ಓಡುತ್ತದೆ. ಇನ್ನೊಂದು ಮಾತು. ಶಾಲೆಯ ಹಳೇ ಕಡತಗಳು ಬಹಳಷ್ಟು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟಿನಲ್ಲಿ ಇರುತ್ತವೆ. ಹೊಸ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. "ಇದರಲ್ಲಿ ನಮ್ಮ ಫೈಲ್ ಓಪನ್ ಆಗಲ್ಲ" ಅಂತ ಫೋನ್ ಬರುವ ಮೊದಲೇ ಆ ಫಾಂಟುಗಳನ್ನೂ ಹಾಕಿಡಿ, ಒಂದು ಹಳೇ ಕಡತ ತರಿಸಿಕೊಂಡು ತೆರೆದು ನೋಡಿ. ಮಕ್ಕಳಿಗೆ ಕಲಿಕೆಯ ಆಟಗಳಿರುವ ಜಿಕಾಂಪ್ರಿ, ಚಿತ್ರ ಬಿಡಿಸುವ ಟಕ್ಸ್ ಪೇಂಟ್ ಹಾಕಿ. ಇಂಟರ್‌ನೆಟ್ ಇಲ್ಲದೆಯೂ ನಡೆಯುವಂಥದ್ದು ಜಾಸ್ತಿ ಇರಲಿ.

ಎಲ್ಲ ಹಾಕಿದ ಮೇಲೆ ಯಂತ್ರ ನಾಲ್ಕು ಗಂಟೆ ನಿಲ್ಲದೆ ಓಡಬೇಕು, ವೀಡಿಯೊ ಹಚ್ಚಿಟ್ಟು. ಆಮೇಲೇ ಹಸಿರು ಸ್ಟಿಕರ್.

ಉಳಿದದ್ದು

ಯಾವುದಕ್ಕೂ ಬಾರದೆ ಕೆಂಪು ಸ್ಟಿಕರ್ ಬಿದ್ದ ರಾಶಿಯನ್ನು ತಳ್ಳುಗಾಡಿಯ ಗುಜರಿಯವರಿಗೆ ಕೊಟ್ಟರೆ ನಾಲ್ಕು ಕಾಸು ಬರುತ್ತದೆ, ನಿಜ. ಮುಂದೆ ಎಲ್ಲೋ ತಾಮ್ರಕ್ಕಾಗಿ ವೈರ್ ಸುಡುತ್ತಾರೆ, ಬಂಗಾರಕ್ಕಾಗಿ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುತ್ತಾರೆ. ಆ ಹೊಗೆ ಕುಡಿಯುವವರೂ ಯಾರದೋ ಮಕ್ಕಳೇ. ಟ್ಯೂಬ್ ಬೆಳಕಿನ ಹಳೇ ಎಲ್‌ಸಿಡಿ ಮಾನಿಟರಿನಲ್ಲಿ ಪಾದರಸವೂ ಇರುತ್ತದೆ. ನೋಂದಾಯಿತ ಮರುಬಳಕೆಗಾರರಿಗೇ ಕೊಡಿ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿದರೆ ಯಾರು ಅಂತ ಗೊತ್ತಾಗುತ್ತದೆ. ರಶೀದಿ ಇಸಿದುಕೊಂಡು ಅದೇ ನೋಟ್‌ಬುಕ್ಕಿಗೆ ಅಂಟಿಸಿ.

ಶಾಲೆಯಲ್ಲಿ

ಸಾಮಾನು ಒಯ್ಯುವ ಮೊದಲು ಒಬ್ಬರು ಹೋಗಿ ಕೋಣೆ ನೋಡಿ ಬನ್ನಿ. ಪ್ಲಗ್ ಎಷ್ಟಿದೆ, ಅರ್ತಿಂಗ್ ಇದೆಯಾ, ಸೋರುವ ಹಂಚು ಎಲ್ಲಿ, ಬಾಗಿಲಿಗೆ ಬೀಗ ಇದೆಯಾ. ಅರ್ತಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮುಟ್ಟಿದ ಮಗುವಿಗೆ ಚುರುಕ್ ಅನ್ನುತ್ತದೆ, ಮತ್ತೆ ಅದು ಆ ಕೋಣೆಗೆ ಬರುವುದಿಲ್ಲ. ಮೊದಲು ಎಲೆಕ್ಟ್ರಿಷಿಯನ್, ಆಮೇಲೆ ಕಂಪ್ಯೂಟರ್.

ಹತ್ತು ಯಂತ್ರ ಕೊಟ್ಟರೆ ಕೀಬೋರ್ಡ್ ಹನ್ನೆರಡು, ಮೌಸ್ ಹನ್ನೆರಡು ಕೊಡಿ. ಒಬ್ಬ ಮೇಷ್ಟ್ರು ಅಥವಾ ಟೀಚರ್ ಜೊತೆ ಅರ್ಧ ದಿನ ಕೂತು ಆನ್, ಆಫ್, ಕನ್ನಡ ಟೈಪಿಂಗ್, ಕಡತ ಉಳಿಸುವುದು ಇಷ್ಟನ್ನು ಅವರ ಕೈಯಲ್ಲೇ ಮಾಡಿಸಿ. ನೀವು ಮೌಸ್ ಮುಟ್ಟಬೇಡಿ.

ಇನ್ನು ಆ ಸ್ಟಾಕ್ ರಿಜಿಸ್ಟರ್. ಈಗ ನಾವು ಹೆಡ್ ಮಾಸ್ಟರ್‌ಗೆ ಮೊದಲ ದಿನ ದಾನಪತ್ರ ಕೊಡುವುದಿಲ್ಲ. ಒಂದು ತಿಂಗಳು ಪರೀಕ್ಷೆಗೆ ಇಟ್ಟಿದ್ದೇವೆ ಅಂತ ಒಂದು ಚೀಟಿ ಕೊಡುತ್ತೇವೆ, ಅಷ್ಟೇ. ತಿಂಗಳ ಕೊನೆಗೆ ಮತ್ತೆ ಹೋಗಿ, ಕೆಟ್ಟದ್ದನ್ನು ವಾಪಸ್ ತೆಗೆದುಕೊಂಡು ಬದಲಿ ಇಟ್ಟು, ಆಮೇಲೆ ಪತ್ರ ಕೊಡುತ್ತೇವೆ. ರಿಜಿಸ್ಟರ್‌ಗೆ ಏರುವುದು ನಡೆಯುವ ಯಂತ್ರ ಮಾತ್ರ.

ಆ ಸಲ ಹೋದಾಗ ದೊಡ್ಡವರನ್ನು ಕೇಳಿದರೆ "ಎಲ್ಲಾ ಚೆನ್ನಾಗಿದೆ ಸಾರ್" ಅನ್ನುತ್ತಾರೆ. ಮಕ್ಕಳನ್ನು ಕೇಳಿ. ಕಳೆದ ಸಲ ಏಳನೇ ಕ್ಲಾಸಿನ ಒಬ್ಬಳು ನೇರ ನನ್ನ ಕೈ ಹಿಡಿದು ಕಿಟಕಿ ಪಕ್ಕದ ಯಂತ್ರದ ಮುಂದೆ ನಿಲ್ಲಿಸಿದಳು. "ಇದು ಬಣ್ಣ ತುಂಬೋವಾಗ ನಿಂತೋಗತ್ತೆ ಅಣ್ಣ, ಆ ಕಡೆದು ನಿಲ್ಲಲ್ಲ." ಸ್ಟಿಕರ್ ನೋಡಿದೆ, ನಂಬರ್ 41. ನೋಟ್‌ಬುಕ್ ತೆಗೆದರೆ 41ಕ್ಕೆ ಎರಡು ಬೇರೆ ಬೇರೆ ಯಂತ್ರದಿಂದ ತೆಗೆದ ರ‍್ಯಾಮ್ ಹಾಕಿದ್ದು ಬರೆದಿತ್ತು, ಮೆಮ್‌ಟೆಸ್ಟ್ ಸಾಲು ಖಾಲಿ. ಒಂದು ತೆಗೆದು, ಬ್ಯಾಗಿನಲ್ಲಿದ್ದ ಇನ್ನೊಂದನ್ನು ಹಾಕಿ ಆನ್ ಮಾಡಿದೆ. ಅವಳು ಕುರ್ಚಿ ಎಳೆದುಕೊಂಡು ಕೂತು, ಅರ್ಧಕ್ಕೆ ನಿಂತಿದ್ದ ತನ್ನ ನವಿಲಿಗೆ ನೀಲಿ ತುಂಬಲು ಶುರುಮಾಡಿದಳು.